ಓಟದ ರಾಣಿಯ ಚೀಲ

ಚೀಲದ ತಳದಿಂದ ಮೇಲ್ವಿಚಾರಕಿ ಮೊದಲು ಹೊರಗೆಳೆದದ್ದು ಸ್ಕ್ರೂಡ್ರೈವರ್. ಆಮೇಲೆ ಕಾಲುಚೀಲದಲ್ಲಿ ಸುತ್ತಿಟ್ಟ ಕಬ್ಬಿಣದ ಚಿಲಕ. ಕೊನೆಗೆ, ತೂತು ಬಿದ್ದು ಜರಡಿಯಾದ ಹಲಗೆಯ ತುಂಡು.

"ಮರಗೆಲಸದ ಕೋಣೆಯಿಂದ ಕದ್ದಿದ್ದು ತಾನೆ?"

"ಹೌದು."

ಹುಡುಗಿ ಅಳಲಿಲ್ಲ, ನೆಪ ಹೇಳಲಿಲ್ಲ. ಒರೆಸಿಟ್ಟ ಸ್ಲೇಟಿನಂಥ ಮುಖ.

ಹದಿನೈದರ ಈ ಹುಡುಗಿಗೆ ಬಾಲಮಂದಿರದಲ್ಲಿದ್ದ ಹೆಸರು 'ಓಟದ ರಾಣಿ'. ಎರಡು ಸಲ ಮನೆಬಿಟ್ಟು ಓಡಿ, ಎರಡು ಸಲವೂ ಬಸ್ ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕವಳು. ಯಾಕೆ ಓಡಿದೆ ಎಂದು ಮೊದಮೊದಲು ಕೇಳಿದ್ದರು. ಅವಳು ಬಾಯಿ ಬಿಡಲಿಲ್ಲ. ಹೆಸರು ಬಿದ್ದ ಮೇಲೆ ಯಾರೂ ಕೇಳಲಿಲ್ಲ. "ತಿಂದ್ಕೊಂಡು ಓಡ್ಬೇಡ ಮತ್ತೆ," ಎನ್ನದೆ ಅಡುಗೆಯವಳು ತಟ್ಟೆ ಕೊಡುತ್ತಿರಲಿಲ್ಲ. ಈಗೀಗ ಹುಡುಗಿ ಅಡ್ಡಹೆಸರಿಗೇ ಓಗೊಡುತ್ತಿದ್ದಳು; ಸ್ವಂತ ಹೆಸರು ಕೂಗಿದರೆ ಬೇರೆ ಯಾರನ್ನೋ ಕರೆದಂತೆ ಸುಮ್ಮನಿರುತ್ತಿದ್ದಳು.

ಸಾಮಾನಿನ ಗಾಡಿ ಬಂದಾಗಲೆಲ್ಲ ದೊಡ್ಡ ಗೇಟು ತೆರೆದೇ ಇರುತ್ತಿತ್ತು. ಅವಳು ಅತ್ತ ತಿರುಗಿಯೂ ನೋಡಿರಲಿಲ್ಲ. ಹೊಂಚು ಹಾಕುವವರು ಹಾಗೇ ಇರುತ್ತಾರೆ ಎಂದುಕೊಂಡಿದ್ದರು ಮೇಲ್ವಿಚಾರಕಿ.

ಇವತ್ತು ಅವಳನ್ನು ಮನೆಗೆ ಕರೆದೊಯ್ಯಲು ಚಿಕ್ಕಪ್ಪ ಬಂದಿದ್ದ. ಅಣ್ಣ ಸತ್ತ ಮೇಲೆ ಅತ್ತಿಗೆಯನ್ನೂ ಅವಳ ಮಗಳನ್ನೂ ತನ್ನ ಮನೆಯಲ್ಲಿಟ್ಟು ಸಾಕುತ್ತಿರುವವನು. ಮೇಲ್ವಿಚಾರಕಿ ಒಪ್ಪಿದರೆ ಹುಡುಗಿ ಮನೆಗೆ, ಒಪ್ಪದಿದ್ದರೆ ಬಾಲಮಂದಿರದಲ್ಲೇ.

"ಹೋಗ್ಲಿ ಬಿಡಿ ಮೇಡಂ, ಮಕ್ಕಳು," ಎಂದ ಅವನು, ಹಲಗೆಯನ್ನು ನೋಡಿ ನಗುತ್ತ. "ನಮ್ಮನೇಲಿ ಮುರಿಯೋಕೆ ಬೀಗಾನೇ ಇಲ್ಲ. ಒಳಗೆ ಯಾವ ಬಾಗಿಲಿಗೂ ಚಿಲಕ ಇಟ್ಟಿಲ್ಲ ನಾನು. ಮನೆಯವರ ಮಧ್ಯೆ ಎಂಥ ಮುಚ್ಚುಮರೆ?"

ಮೇಲ್ವಿಚಾರಕಿಯೂ ನಕ್ಕರು. ಇಂಥ ಮನೆಯನ್ನೂ ಬಿಟ್ಟು ಓಡುವವರಿಗೆ ಏನು ಹೇಳುವುದು? ಹುಟ್ಟುಗುಣ ಸುಟ್ಟರೂ ಹೋಗದು.

"ಗಾಡೀನ ಬಾಗಿಲಿಗೇ ತರ್ತೀನಿ. ಇವಳು ಓಡಿದ್ರೆ ಹಿಡಿಯೋ ವಯಸ್ಸಲ್ಲ ನಂದು," ಎಂದು ಅವನು ಹುಡುಗಿಯ ತಲೆ ನೇವರಿಸಲು ಕೈ ಚಾಚಿದ. ಅವಳು ಬಗ್ಗಿ ಚಪ್ಪಲಿ ಸರಿಮಾಡಿಕೊಂಡಳು. ಅವನು ಹೊರಟುಹೋದ.

ಮೇಲ್ವಿಚಾರಕಿ ಹಲಗೆ ಎತ್ತಿ ನೋಡಿದರು. ಮರಗೆಲಸದ ಮೇಷ್ಟ್ರು ಒಮ್ಮೆ ಹೆಮ್ಮೆಯಿಂದ ಹೇಳಿದ್ದು ನೆನಪಾಯಿತು: ಈ ಹುಡುಗಿ ಕಣ್ಣು ಮುಚ್ಚಿಕೊಂಡೇ ಸ್ಕ್ರೂ ತಿರುಗಿಸ್ತಾಳೆ, ಒಂಚೂರೂ ಸದ್ದಿಲ್ಲ.

"ಕತ್ತಲಲ್ಲಿ ಚಿಲಕ ಬಿಚ್ಚಿ ಓಡೋಕೆ ತಾಲೀಮಾ ಇದು?"

"ಬಿಚ್ಚೋಕಲ್ಲ," ಎಂದಳು ಹುಡುಗಿ. "ಹಾಕೋಕೆ."

"ಹಾಕೋಕಾ? ಎಲ್ಲಿಗೆ?"

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಹುಡುಗಿ ಟೇಬಲ್ ಮೇಲಿದ್ದ ಚಿಲಕವನ್ನೇ ನೋಡುತ್ತಿದ್ದಳು. ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದಳು:

"ಮನೇಲಿ ನಾನು ಮಲಗೋ ಕೋಣೆಗೆ. ಒಳಗಡೆಯಿಂದ."

ಚಿಕ್ಕಪ್ಪನ ಹೆಜ್ಜೆ ಸಪ್ಪಳ ಮೆಟ್ಟಿಲು ಹತ್ತುತ್ತಿದ್ದಂತೆ ಮೇಲ್ವಿಚಾರಕಿ ಎದ್ದು, ಹಗಲಿಡೀ ತೆರೆದೇ ಇರುತ್ತಿದ್ದ ಕಚೇರಿಯ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿದರು.