ಕಲ್ಲು ಬಿದ್ದ ಜಾಗ

ರೈಲು ಹಳಿಗೆಂದು ಹಾಕಿದ್ದ ಆ ಮಣ್ಣಿನ ಏರಿಯೊಳಗೆ, ಮಣ್ಣು ಜಾರದಂತೆ ಹಿಡಿಯುವ ಜಿಯೋಗ್ರಿಡ್ ಜಾಲರಿ ಉದ್ದಕ್ಕೂ ಇರಬೇಕಿತ್ತು. ಇದ್ದದ್ದು ಕೆಂಪು ಬಾವುಟ ನೆಟ್ಟ ಜಾಗದಲ್ಲಿ ಮಾತ್ರ.

ತಪಾಸಣೆಗೆ ಬರುವ ಸಾಹೇಬರದು ಒಂದು ಪದ್ಧತಿ. ಕೂಲಿಯವರೊಬ್ಬರ ಕೈಗೆ ಕಲ್ಲು ಕೊಟ್ಟು ಎಸೆಯಲು ಹೇಳುತ್ತಿದ್ದರು. ಅದು ಬಿದ್ದಲ್ಲಿ ಅಗೆಸಿ ನೋಡುತ್ತಿದ್ದರು.

“ಬಾವುಟದ ಬುಡಕ್ಕ ಒಗಿಬೇಕು, ತಿಳೀತಿಲ್ಲೋ?” ಎಂದು ಮೇಸ್ತ್ರಿ ಕೂಲಿಯಾಳು ಹುಲಿಗೆವ್ವನಿಗೆ ಮುಂಜಾನೆಯೇ ಹೇಳಿದ್ದ.

“ತಿಳೀತ್ರಿ.”

ಹೋದ ವರ್ಷ ಇಂಥದೇ ಏರಿ ಕುಸಿದು ಅವಳ ಗಂಡ ಮಣ್ಣಿನಡಿ ಸತ್ತಿದ್ದ.

ಸಾಹೇಬರು ಬಂದು ಅವಳಿಗೇ ಕಲ್ಲು ಕೊಟ್ಟರು. ಅವಳು ಬಾವುಟಕ್ಕೆ ಬೆನ್ನು ಮಾಡಿ ನಿಂತು ದೂರಕ್ಕೆ ಎಸೆದಳು. ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು.

ಸೊಂಟದಾಳ ಅಗೆದರೂ ಬರೀ ಮಣ್ಣು.

“ಇಲ್ಲಷ್ಟ ಅಲ್ರಿ ಸಾಹೇಬ್ರ, ಬ್ಯಾರೆ ಕಡೆನೂ ಜಾಲರಿ ಹಾಕಿಲ್ಲ,” ಎಂದಳು ಹುಲಿಗೆವ್ವ. “ಮಣ್ಣು ಹೊತ್ತಾಕಿ ನಾನ.”

ಸಾಹೇಬರು ಬಗ್ಗಿ ಗುಂಡಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ಅದೇ ಕಲ್ಲನ್ನು ತಾವೇ ಎತ್ತಿ, ಮಣ್ಣು ಒರೆಸಿ, ಅವಳ ಅಂಗೈಯಲ್ಲಿಟ್ಟರು.

“ಬಾವುಟ ಆ ಕಡೆ ಅದ ನೋಡವ್ವಾ. ಇನ್ನೊಮ್ಮೆ ಒಗಿ.”