ಎಂಟರ್ ಒತ್ತುವ ಬೆರಳು

ಎಳೆ ರೇಷ್ಮೆಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಶೋಭಾರಾಣಿಯ ಮೊಬೈಲು ಟಿಣ್ಣೆಂದಿತು. ಚಾಕು ಕೆಳಗಿಟ್ಟು ಮೆಸೇಜು ನೋಡಿದಳು. ನಿನ್ನೆ ಅವಳು ಬರೆದಿಟ್ಟಿದ್ದ ಕಂಪ್ಯೂಟರ್ ಕೋಡು ತಾನೇ ಪರೀಕ್ಷೆ ಮುಗಿಸಿಕೊಂಡು, ತಾನೇ ಚಿಂತಾಮಣಿಯ ಆಫೀಸಿನ ಸರ್ವರ್ ಸೇರಿತ್ತು. ಹದಿನೈದು ದಿನ ಒದ್ದಾಡಿ ಮಾಡಿದ ಏರ್ಪಾಟು ಅದು. ಮನೆಯಿಂದಲೇ ದುಡಿಯುವವಳಿಗೆ ಇನ್ನು ದಿನಾ ಬೆಳಗಿನ ಅರ್ಧ ಗಂಟೆ ಉಳಿಯುತ್ತದೆ.

ತಲೆ ಎತ್ತಿದರೆ ಬಾಗಿಲಲ್ಲಿ ಏಳು ವರ್ಷದ ಸೌಜನ್ಯ. ಕೈ ತೊಳೆಯದೆ ಹುಳುಮನೆಗೆ ಬರಬಾರದೆಂದು ಅಮ್ಮ ಕಲಿಸಿದ್ದನ್ನು ಅವಳು ಲ್ಯಾಪ್‌ಟಾಪಿಗೂ ಪಾಲಿಸುತ್ತಿದ್ದಳು. ದಿನಾ ಹೀಗೇ ಕೈ ತೊಳೆದು ಬಂದು, ಅಮ್ಮ ಕೋಡಿನಲ್ಲಿ ಬದಲಾದ ಸಾಲುಗಳನ್ನೆಲ್ಲ ಓದಿ ಮುಗಿಸುವವರೆಗೆ ಕಾದು, ಕೊನೆಗೆ ಎಂಟರ್ ಒತ್ತಿ ಕಳಿಸುವುದು ಅವಳ ಕೆಲಸ. ಈಗಲೂ ಒದ್ದೆ ಬೆರಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಿದ್ದಳು.

"ಇವತ್ತಿಂದ ನೀನು ಒತ್ತೋದೇ ಬೇಡ ಕಣಮ್ಮ, ಅದೇ ಹೋಗ್ತದೆ," ಎಂದಳು ಶೋಭಾರಾಣಿ ಹಿಗ್ಗಿನಿಂದ.

"ತಪ್ಪಿದ್ರೆ?"

"ತಪ್ಪಿದ್ರೆ ಅದೇ ನಿಂತ್ಕೊಳ್ತದೆ. ನಮ್ಮಿಬ್ರಿಗಿಂತ ಜಾಣ ಅದು! ನೀನು ಇನ್ನೊಂಚೂರು ಹೊತ್ತು ಮಲಗಬಹುದು."

ಸೌಜನ್ಯ ನಗಲಿಲ್ಲ. ಮುಚ್ಚಿದ ಲ್ಯಾಪ್‌ಟಾಪನ್ನು ನೋಡಿದಳು, ಅದರ ಮುಂದೆ ಅಮ್ಮ ಕೂರುತ್ತಿದ್ದ ಚಾಪೆಯನ್ನು ನೋಡಿದಳು. ಒರೆಸಿದ ಬೆರಳನ್ನು ಮೆಲ್ಲಗೆ ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು. ಶೋಭಾರಾಣಿ ಮತ್ತೆ ಚಾಕು ಹಿಡಿದು ನಾಲ್ಕು ಎಲೆ ಹೆಚ್ಚಿರಬೇಕು, ಅಷ್ಟರಲ್ಲಿ ಮಗಳು ಬಾಯಿಬಿಟ್ಟು ಕೇಳಿಯೇಬಿಟ್ಟಳು.

"ಹಂಗಾದ್ರೆ ಅಮ್ಮಾ, ಇನ್ಮೇಲೆ ನಾನು ನಿನ್ ತೊಡೆ ಮೇಲೆ ಯಾವಾಗ ಕೂತ್ಕೊಳ್ಳಲಿ?"