ಸಂಡಿಗೆ ಹವಾಮಾನ ಇಲಾಖೆ

ನನ್ನ ಗಂಡನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಎಂದಿನಂತೆ ಹಾಲು ಕಾಯಿಸುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬಂದರು.

"ಒಂದು ಹನಿ ಕಣ್ಣೀರೂ ಹಾಕ್ಲಿಲ್ವಲ್ಲೇ ಹುಡುಗಿ. ಅತ್ತುಬಿಡೇ."

"ಅಳು ಬರ್ತಿಲ್ಲ ಅಜ್ಜಿ."

"ಹೋಗ್ಲಿ, ನಿನ್ನ ಗಂಡ ನನ್ನ ಬಿಳಿ ಕರ್ಚೀಫು ಇಸ್ಕೊಂಡಿದ್ದ. ಅದೇನೋ ಕೋಬಾಲ್ಟಿನ ನೀರಲ್ಲಿ ಅದ್ದಿ ಒಣಗಿಸಿದ್ರೆ ನೀಲಿ ಆಗತ್ತಂತೆ, ತೇವ ತಗುಲಿದ್ರೆ ಗುಲಾಬಿ ಆಗತ್ತಂತೆ. ಗುಲಾಬಿ ಆದ್ರೆ ಮಳೆ, ಸಂಡಿಗೆ ಎತ್ಕೊಳ್ಳಿ ಅಂದಿದ್ದ. ಇವತ್ತು ಮಹಡಿ ತುಂಬ ಸಂಡಿಗೆ ಹಾಕಿದೀನಿ, ಅದಕ್ಕೇ ಕೇಳ್ದೆ."

ಕೆಮಿಸ್ಟ್ರಿ ಮೇಷ್ಟ್ರಾಗಿದ್ದ ಅವರ ಮೇಜಿನ ಮೇಲೆ ಕರ್ಚೀಫು ಗರಿಗರಿಯಾಗಿ ಒಣಗಿ, ಅಚ್ಚ ನೀಲಿಯಾಗಿ ಕೂತಿತ್ತು. ಮೂಲೆಯಲ್ಲಿ ಅವರದೇ ವಕ್ರ ಅಕ್ಷರ: 'ಸಂಡಿಗೆ ಹವಾಮಾನ ಇಲಾಖೆ.' ಅವರ ವಾಸನೆ ಉಳಿದಿದೆಯೇನೋ ಎಂದು ಅದನ್ನು ಮುಖಕ್ಕೆ ಒತ್ತಿಕೊಂಡೆ. ಹಾಲು ಉಕ್ಕಿದ ಸದ್ದಾಯಿತು. ಓಡಿಬಂದು ಒಲೆ ಆರಿಸಿ, ಕರ್ಚೀಫನ್ನು ಅಜ್ಜಿಯ ಕೈಗಿಟ್ಟೆ.

"ಅಯ್ಯಯ್ಯೋ, ಪೂರ್ತಿ ಗುಲಾಬಿ! ನನ್ನ ಸಂಡಿಗೆ!" ಎನ್ನುತ್ತ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಮಹಡಿಗೆ ಓಡಿದರು.

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.